ಕಿರುಬಾಯಿಯ ಮೀನುಗಳು

ಇವರು ನೀರಿಗಿಳಿದು ಮೇಲೆ ಬಾರದೆ ಹನ್ನೊಂದು ವರ್ಷವಾಗಿದ್ದರೂ ನನ್ನ ಬಾಯಲ್ಲಿ 'ಇವರು' ಹೋಗಿ 'ಅವರು' ಬಂದಿರಲಿಲ್ಲ. "ಸತ್ತ ಗಂಡನ್ನ ಇವರು ಇವರು ಅಂತೀಯಲ್ಲೇ, ಕೇಳೋರಿಗೆ ಪಕ್ಕದಲ್ಲೇ ಕೂತಿದ್ದಾರೇನೋ ಅನ್ಸುತ್ತೆ," ಎಂದು ಅಕ್ಕ ಎಷ್ಟೋ ಸಲ ಗದರಿದ್ದಳು. ಪಕ್ಕದಲ್ಲೇ ಕೂತಿದ್ದಾರೆ ಎಂದುಬಿಟ್ಟರೆ ಅವಳು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದಳು. ಅದಕ್ಕೇ ಸುಮ್ಮನಿರುತ್ತಿದ್ದೆ.

ನನ್ನ ಕೆಲಸ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ, ಮೀನುಕೋಣೆಯಲ್ಲಿ. ಕಿಟಕಿಯಿಲ್ಲದ ಉದ್ದನೆಯ ಕೋಣೆ. ನಾಲ್ಕು ಅಂತಸ್ತಿನ ಕಬ್ಬಿಣದ ಚೌಕಟ್ಟುಗಳ ಮೇಲೆ ತೊಂಬತ್ತು ಗಾಜಿನ ತೊಟ್ಟಿಗಳು. ಸದಾ ಬೆಚ್ಚಗೆ, ಸದಾ ತೇವ. ಕನ್ನಡಕ ಹಾಕಿದವರು ಬಾಗಿಲು ದಾಟಿದರೆ ಐದು ನಿಮಿಷ ಕುರುಡರು. ಮೂಲೆಯ ಪಂಪು ಹೂಂಗುಟ್ಟುತ್ತ ಪ್ರತಿ ತೊಟ್ಟಿಗೂ ಕೊಳವೆಯಲ್ಲಿ ಗಾಳಿ ಕಳಿಸುತ್ತದೆ, ಗಾಳಿ ನೀರಿನಲ್ಲಿ ಗುಳುಗುಳು ಎನ್ನುತ್ತದೆ. ಮುಳುಗಿದವನು ನೀರಿನಡಿ ಉಸಿರು ಬಿಟ್ಟಾಗ ಬರುವುದೂ ಅದೇ ಸದ್ದು. ಇವರ ಕೆಲಸ ಅದಾಗಿತ್ತು: ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಗುಹೆಯೊಳಗಿನ ನೀರಿಗೆ ಮುಳುಗಿ ವಿಭಾಗಕ್ಕೆ ಮೀನು ತರುವುದು.

ನಮ್ಮ ತೊಟ್ಟಿಗಳಲ್ಲಿರುವುದು ಗುಹೆಮೀನು. ಇವುಗಳ ಪೂರ್ವಜ ಮೀನುಗಳು ಹೊಳೆಯಲ್ಲಿದ್ದವು, ಕಣ್ಣಿದ್ದವು, ಮೈಗೆ ಬಣ್ಣವಿತ್ತು. ಯಾವುದೋ ಕಾಲದಲ್ಲಿ ನೀರಿನ ಜೊತೆ ನೆಲದೊಳಗೆ ಸೇರಿಕೊಂಡವು. ಬೆಳಕಿಲ್ಲದ ಕೊಳಗಳಲ್ಲಿ ಸಾವಿರಾರು ತಲೆಮಾರು ಕಳೆಯುವಷ್ಟರಲ್ಲಿ ಕಣ್ಣೂ ಹೋಯಿತು, ಬಣ್ಣವೂ ಹೋಯಿತು, ನಿದ್ದೆಯೂ ಮುಕ್ಕಾಲು ಪಾಲು ಹೋಯಿತು. ಈಗ ಅವು ಹಾಲುಗೆಂಪು ಬಣ್ಣದ, ಬೆರಳುದ್ದದ ಮೀನುಗಳು. ನಿಲ್ಲದೆ ಗಾಜಿನ ಗೋಡೆ ಸವರುತ್ತ ಸುತ್ತುತ್ತಿರುತ್ತವೆ.

ಆದರೆ ಮೊಟ್ಟೆಯೊಳಗಿನ ಮರಿಗೆ ಈ ಕತೆ ಗೊತ್ತಿಲ್ಲ. ಅದು ಮೊದಲ ದಿನವೇ ಕಣ್ಣು ಮಾಡಿಕೊಳ್ಳುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎರಡು ಗಾಜಿನ ಹನಿಗಳ ಹಾಗೆ ಸ್ಪಷ್ಟವಾಗಿ ಕಾಣುತ್ತವೆ. ಮಾರನೆಯ ದಿನಕ್ಕೆ ಒಳಗಿನ ಲೆನ್ಸು ಸಾಯತೊಡಗುತ್ತದೆ. ಲೆನ್ಸು ಸತ್ತ ಕಣ್ಣು ಬೆಳೆಯುವುದಿಲ್ಲ; ವಾರಗಳಲ್ಲಿ ಒಳಗೆ ಕುಸಿದು, ಮೇಲೆ ಚರ್ಮ ಕೂಡಿಕೊಳ್ಳುತ್ತದೆ. ಇದನ್ನು ಮೊದಲ ಸಲ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಈ ಕೆಲಸಕ್ಕೆ ಬರುವ ಮುಂಚೆ ನಾನು ಕನ್ನಡಕದ ಅಂಗಡಿಯಲ್ಲಿ ಲೆನ್ಸು ಉಜ್ಜುತ್ತಿದ್ದವಳು. ಕಣ್ಣಿದ್ದವರ ಚಾಕರಿ ಮುಗಿಸಿ ಕಣ್ಣಿಲ್ಲದವರ ಚಾಕರಿಗೆ ಬಂದೆ ಎಂದು ವಿದ್ಯಾರ್ಥಿಗಳಿಗೆ ಹೇಳಿ ನಗಿಸುತ್ತಿದ್ದೆ. ಅವರೆಲ್ಲ ನನ್ನನ್ನು ತೊಟ್ಟಿಯಕ್ಕ ಎನ್ನುತ್ತಾರೆ.

ಈ ಕೆಲಸ ನನಗೆ ಸಿಕ್ಕಿದ್ದು ಇವರು ಹೋದದ್ದಕ್ಕೆ. ಕೊಡಿಸಿದವರು ವಿಭಾಗದ ಮೇಡಂ.

ಮೇಡಂಗೆ ಮೀನು ಬೇಕಿದ್ದುದು ಎರಡು ಗುಹೆಗಳಿಂದ. ಒಂದರ ಬಾಯಿ ಅಗಲ, ಕೊಳದವರೆಗೆ ನಡೆದೇ ಹೋಗಬಹುದು. ಅದಕ್ಕೆ ಇವರಿಟ್ಟ ಹೆಸರು ದೊಡ್ಡಬಾಯಿ. "ನಮ್ಮ ಅಕ್ಕನ ಹಾಗೆ, ಎಲ್ಲ ಹೊರಗೇ ಕಾಣುತ್ತೆ," ಎನ್ನುತ್ತಿದ್ದರು. ಇನ್ನೊಂದು, ಆಚೆ ಬೆಟ್ಟದ ಕಿರುಬಾಯಿ. ಅಲ್ಲಿ ಕೊಳ ಸೇರಬೇಕಾದರೆ ನೀರು ತುಂಬಿದ ಇಕ್ಕಟ್ಟಾದ ಗಂಟಲಿನಲ್ಲಿ ನಲವತ್ತು ಅಡಿ ಮುಳುಗಿಕೊಂಡು ಹೋಗಬೇಕು. ಕಿರುಬಾಯಿಯ ಮೀನು ಯಾರ ಹತ್ತಿರವೂ ಇರಲಿಲ್ಲ. ಆ ಬೆಳಿಗ್ಗೆ ಇವರು ವಿಭಾಗದ ಜೀಪಿನಲ್ಲಿ, ಜೀಪಿನ ಡ್ರೈವರಣ್ಣನ ಜೊತೆ ಅಲ್ಲಿಗೆ ಹೊರಟರು. ಆಗ ನಮ್ಮ ಮಗಳು ಗುಬ್ಬಿಗೆ ನಾಲ್ಕು ವರ್ಷ.

ಡ್ರೈವರಣ್ಣ ವಿಚಾರಣೆಯಲ್ಲಿ ಹೇಳಿದ್ದು ಇಷ್ಟು: ಇವರು ಒಂದು ಸಲ ಮುಳುಗಿ ಹನ್ನೊಂದು ಮೀನು ತಂದರು, ಇನ್ನಷ್ಟು ಬೇಕೆಂದು ಮತ್ತೆ ಇಳಿದರು. ತಾವು ದಡದಲ್ಲಿ ಹಿಡಿದಿದ್ದ ಹಗ್ಗ ಒಂದು ಸಲ ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ನಾಲ್ಕು ದಿನ ಹುಡುಕಿದರು. ಗಂಟಲಿನ ಒಳಗೆ ಕೆಸರು ಕುಸಿದು ಕೈ ಚಾಚಿದರೆ ಕೈ ಕಾಣುತ್ತಿರಲಿಲ್ಲವಂತೆ. ಐದನೇ ದಿನ ಗುಹೆಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದರು.

ಮನೆಗೆ ಬಂದದ್ದು ಇವರ ಚಪ್ಪಲಿ, ಕೈಗಡಿಯಾರ. ವಿಭಾಗಕ್ಕೆ ಬಂದದ್ದು ಹನ್ನೊಂದು ಮೀನಿನ ಚೀಲ. ಚೀಲದ ಮೇಲೆ ಇವರದೇ ಅಕ್ಷರದ ಚೀಟಿ: 'ಕಿರುಬಾಯಿ. ಹೆಣ್ಣು ಏಳು, ಗಂಡು ನಾಲ್ಕು.' ಆ ಮೀನುಗಳನ್ನು ಮೂವತ್ತೊಂದನೇ ತೊಟ್ಟಿಗೆ ಬಿಟ್ಟರು. ಚೀಟಿಯನ್ನು ನಾನೇ ತೊಟ್ಟಿಗೆ ಅಂಟಿಸಿದೆ. ಅಕ್ಷರ ಮಾಸದಿರಲಿ ಎಂದು ವರ್ಷಕ್ಕೊಂದು ಸಲ ಮೇಲಿನ ಟೇಪು ಬದಲಿಸಿದೆ.

ಮೇಡಂ ಆ ಮೀನುಗಳ ತಂಟೆಗೆ ಯಾರನ್ನೂ ಬಿಡಲಿಲ್ಲ. ಅವುಗಳ ನಿದ್ದೆಯ ಮೇಲೆ ಎರಡು ಲೇಖನ ಬರೆದರು, ದೂರದಿಂದ ನೋಡಿ ಬರೆಯುವಂಥವು. ಕೊಯ್ಯುವುದಿರಲಿ, ಬೇರೆ ಮೀನಿನ ಜೊತೆ ಕೂಡಿಸುವುದಕ್ಕೂ ಬಿಡಲಿಲ್ಲ. "ಅವು ನಿಮ್ಮವು," ಎಂದರು. ಅವು ಮರಿ ಮಾಡಿದವು, ಮರಿಗಳು ಮರಿ ಮಾಡಿದವು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ನಾನು ಮೂವತ್ತೊಂದರಲ್ಲಿ ಕೈ ಇಳಿಸುತ್ತಿದ್ದೆ. ಮೀನುಗಳು ಬಂದು ಬೆರಳ ಸಂದಿ ಮೂಸುತ್ತಿದ್ದವು. ಇವರ ಕೈಯನ್ನು ಕೊನೆಗೆ ಮುಟ್ಟಿದ್ದು ಇವುಗಳ ಅಜ್ಜಿ, ಮುತ್ತಜ್ಜಿ. ಕಣ್ಣಿಲ್ಲದವು ಕಂಡವು ಎನ್ನುವುದು ಹೇಗೆ, ಆದರೆ ಇವರಿದ್ದ ಕತ್ತಲಿನಲ್ಲಿ ಇದ್ದು ಬಂದದ್ದು ಇವಿಷ್ಟೇ ಅಲ್ಲವೇ? ಹಿಂದಿನ ದಿನ ಗುಬ್ಬಿ ಏನು ಮಾಡಿದಳು, ಅಕ್ಕ ಏನೆಂದಳು, ಎಲ್ಲ ಅಲ್ಲಿ ಮೆಲ್ಲಗೆ ಹೇಳುತ್ತಿದ್ದೆ. ಕೇಳಿಸಿಕೊಂಡವರು ಯಾರೆಂದು ನನ್ನನ್ನು ಕೇಳಬೇಡಿ. ಯಾರೋ ಕೇಳಿಸಿಕೊಳ್ಳುತ್ತಿದ್ದರು.

ಮೇಡಂ ನಿವೃತ್ತಿಗೆ ಒಂದು ವರ್ಷ ಇರುವಾಗ ನನ್ನನ್ನು ತಮ್ಮ ಕೋಣೆಗೆ ಕರೆದರು.

"ಒಂದು ಕೆಲಸ ಉಳಿದುಬಿಟ್ಟಿದೆ ತಾಯಿ. ನಿಮ್ಮನ್ನ ಕೇಳದೆ ಮಾಡಲ್ಲ. ಮೂವತ್ತೊಂದರ ಹೆಣ್ಣನ್ನ ದೊಡ್ಡಬಾಯಿಯ ಗಂಡಿನ ಜೊತೆ ಬಿಟ್ಟು ನೋಡೋಣ್ವಾ?"

"ನೋಡಿದ್ರೆ ಏನಾಗುತ್ತೆ ಮೇಡಂ?"

"ಕಣ್ಣು ಬರಬಹುದು."

ನನಗೆ ಅರ್ಥವಾಗಲಿಲ್ಲ. ಕುರುಡು ತಾಯಿ, ಕುರುಡು ತಂದೆ, ಕಣ್ಣೆಲ್ಲಿಂದ ಬರಬೇಕು? ಮೇಡಂ ಮೇಜಿನ ದೀಪ ಆರಿಸಿದರು.

"ಎರಡು ಮನೇಲಿ ದೀಪ ಇಲ್ಲ ಅಂದುಕೊಳ್ಳಿ. ಒಂದು ಮನೇಲಿ ಬಲ್ಬು ಹೋಗಿದೆ, ತಂತಿ ಚೆನ್ನಾಗಿದೆ. ಇನ್ನೊಂದರಲ್ಲಿ ತಂತಿ ಹೋಗಿದೆ, ಬಲ್ಬು ಚೆನ್ನಾಗಿದೆ. ಎರಡೂ ಮನೆಯವರು ಸೇರಿ ಸಂಸಾರ ಹೂಡಿದ್ರೆ? ಇವರ ತಂತಿ, ಅವರ ಬಲ್ಬು, ದೀಪ ಹತ್ತುತ್ತೆ. ಎರಡು ಗುಹೆಯ ಮೀನುಗಳು ಬೇರೆ ಬೇರೆಯಾಗಿ ಕಣ್ಣು ಕಳ್ಕೊಂಡಿದ್ರೆ, ಕೆಟ್ಟಿರೋ ಜೀನುಗಳೂ ಬೇರೆ ಬೇರೆ ಇರುತ್ತವೆ. ಮರಿಗೆ ತಾಯಿಯಿಂದ ಒಂದು ಸರಿ, ತಂದೆಯಿಂದ ಇನ್ನೊಂದು ಸರಿ. ಕೆಲವಕ್ಕಾದ್ರೂ ಕಣ್ಣು ನಿಲ್ಲುತ್ತೆ."

ಆಗಲಿ ಎಂದೆ. ಇವರು ತಂದ ಮೀನಿನ ಮರಿಗೆ ಕಣ್ಣು ಬಂದರೆ ಅದು ನನ್ನನ್ನು ನೋಡುತ್ತದೆ ಎಂಬುದೊಂದೇ ಆಗ ತಲೆಯಲ್ಲಿದ್ದದ್ದು.

ಸಂಜೆ ತೊಟ್ಟಿಯ ನೀರು ಎರಡು ಡಿಗ್ರಿ ಬಿಸಿ ಮಾಡಿ, ತಳದಲ್ಲಿ ಬಲೆ ಹಾಸಿ ಹೋದರೆ ಬೆಳಿಗ್ಗೆ ಮೊಟ್ಟೆಗಳು ಬಲೆಯ ಕೆಳಗೆ ಬಿದ್ದಿರುತ್ತವೆ. ಬಲೆ ಇಲ್ಲದಿದ್ದರೆ ಹೆತ್ತವರೇ ತಿಂದುಬಿಡುತ್ತಾರೆ. ಮೊದಲ ಸಲ ಇನ್ನೂರ ಹತ್ತು ಮೊಟ್ಟೆ ಸಿಕ್ಕಿದವು. ಮೊದಲ ದಿನ ಎಲ್ಲಕ್ಕೂ ಕಣ್ಣು. ಅದು ಯಾವಾಗಲೂ ಇರುವುದೇ. ಎರಡನೇ ದಿನ ನಾನು ಉಸಿರು ಹಿಡಿದು ನೋಡಿದೆ. ಲೆನ್ಸು ಮಂಕಾಗುತ್ತಿತ್ತು. ಹತ್ತನೇ ದಿನ ಒಂದೊಂದಾಗಿ ಒಳಗೆ ಜಾರಿದವು. ತಿಂಗಳಾಗುವಷ್ಟರಲ್ಲಿ ಇನ್ನೂರ ಹತ್ತರಲ್ಲಿ ಬದುಕಿದ್ದಷ್ಟೂ ಕುರುಡು.

ಜೋಡಿ ಬದಲಿಸಿ ಇನ್ನೊಂದು ಸಲ ಮಾಡಿದೆವು. ಮತ್ತೊಂದು ಸಲ ಮಾಡಿದೆವು. ಒಂದಕ್ಕಾದರೂ ಕಣ್ಣು ನಿಲ್ಲಲಿಲ್ಲ.

ಮೇಡಂ ಗೋಡೆಯ ಮೇಲಿದ್ದ ಗುಹೆಗಳ ನಕ್ಷೆಯ ಮುಂದೆ ಹೋಗಿ ನಿಂತರು. "ಎರಡೂ ಗುಹೆಗೆ ಒಳಗೊಳಗೇ ದಾರಿ ಇರಬಹುದು," ಎಂದರು. "ನೀರು ಒಂದೇ ಆದ್ರೆ ಮೀನೂ ಒಂದೇ."

ಆ ಮಾತು ನನ್ನನ್ನು ಹಿಡಿದುಕೊಂಡಿತು. ದಾರಿ ಇದ್ದರೆ ಇವರು ಆ ದಾರಿ ಹಿಡಿದಿರಬಹುದಲ್ಲ. ಎಲ್ಲೋ ಗಾಳಿಯಿದ್ದ ಜಾಗ ಸಿಕ್ಕಿರಬಹುದು. ಹನ್ನೊಂದು ವರ್ಷದ ಲೆಕ್ಕ ನನಗೂ ಗೊತ್ತು, ಹುಚ್ಚಿಯಲ್ಲ ನಾನು. ಆದರೂ ಆ ಆರು ವಾರ ದೊಡ್ಡಬಾಯಿಯಿಂದ ಒದ್ದೆ ಬಟ್ಟೆಯಲ್ಲಿ ಹೊರಬಂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಒಬ್ಬರನ್ನು ನಾನು ದಿನಾ ನೋಡಿದೆ. ಪಾತ್ರೆ ತೊಳೆಯುವಾಗ ನೋಡಿದೆ, ಬಸ್ಸಿನಲ್ಲಿ ಕೂತಾಗ ನೋಡಿದೆ.

ಆರು ವಾರ ಏಕೆಂದರೆ ಮೇಡಂ ಮೂವತ್ತೊಂದರ ಮೀನುಗಳ ರೆಕ್ಕೆಯ ಚೂರು ಕತ್ತರಿಸಿ ಡಿಎನ್‌ಎ ಪರೀಕ್ಷೆಗೆ ಕಳಿಸಿದ್ದರು. ಜೊತೆಗೆ ಫ್ರೀಜರಿನಲ್ಲಿದ್ದ ಹಳೆಯ ದೊಡ್ಡಬಾಯಿ ಮೀನುಗಳ ಚೂರುಗಳನ್ನೂ ಕಳಿಸಿದ್ದರು. ಫಲಿತಾಂಶ ಬಂದ ದಿನ ಅವರೇ ನೆಲಮಾಳಿಗೆಗೆ ಇಳಿದು ಬಂದರು. ಮಂಡಿನೋವಿನಿಂದ ಅವರು ಮೆಟ್ಟಿಲು ಇಳಿಯುವುದು ಬಿಟ್ಟು ಎರಡು ವರ್ಷವಾಗಿತ್ತು. ನಾನು ಸ್ಟೂಲು ಎಳೆದು ಕೊಟ್ಟೆ. ಅವರು ಕೂರಲಿಲ್ಲ.

"ಇವು ಕಿರುಬಾಯಿಯವಲ್ಲ," ಎಂದರು. "ದೊಡ್ಡಬಾಯಿಯಿಂದ ಆಗ ಹಿಡಿದವೂ ಅಲ್ಲ. ನಮ್ಮ ಏಳನೇ ತೊಟ್ಟಿಯಲ್ಲಿ ದೊಡ್ಡಬಾಯಿ ತಳಿಯ ಒಂದು ಡೊಂಕುಬಾಲದ ಹೆಣ್ಣು ಇತ್ತು. ಇದೇ ಕೋಣೇಲಿ ಹುಟ್ಟಿ ಇದೇ ಕೋಣೇಲಿ ಸತ್ತಿದ್ದು, ಅದರ ಚೂರೂ ಫ್ರೀಜರಿನಲ್ಲಿತ್ತು. ಇವೆಲ್ಲ ಅದರ ಮಕ್ಕಳ ಸಂತಾನ. ಅನುಮಾನವೇ ಇಲ್ಲ."

"ಅಂದ್ರೆ?"

"ಚೀಲ ಇಲ್ಲೇ ತುಂಬಿದ್ದು."

ತೊಟ್ಟಿಗಳಲ್ಲಿ ಗಾಳಿ ಗುಳುಗುಳು ಎನ್ನುತ್ತಿತ್ತು. ನಾನು ಚೀಟಿ ನೋಡಿದೆ. ಹೆಣ್ಣು ಏಳು, ಗಂಡು ನಾಲ್ಕು. 'ಏಳು' ಎಂಬ ಪದದ ಕೊಂಬು ಇವರು ಯಾವಾಗಲೂ ಸ್ವಲ್ಪ ಉದ್ದ ಎಳೆಯುತ್ತಿದ್ದರು.

"ಹಾಗಾದ್ರೆ ಇವರು ಇಳೀಲೇ ಇಲ್ವಾ?" ಎಂದೆ.

ಮೇಡಂಗೂ ಬಂದಿದ್ದ ಯೋಚನೆ ಅದೇ ಎಂದು ಮುಖ ಹೇಳಿತು.

ಸತ್ತ ಗಂಡನ ಜೊತೆ ಹನ್ನೊಂದು ವರ್ಷ ಬಾಳಿದೆ. ಬದುಕಿರುವ ಗಂಡನ ಜೊತೆ ಹನ್ನೊಂದು ದಿನ ಬಾಳಲು ಆಗಲಿಲ್ಲ. ಮೀನು ಇಲ್ಲೇ ತುಂಬಿದವರು, ಚಪ್ಪಲಿ, ಗಡಿಯಾರ ಬಿಟ್ಟವರು, ಹಗ್ಗ ಸಡಿಲ ಬಿಟ್ಟವರು ಎಲ್ಲಿಗೆ ಹೋದರು? ರಸ್ತೆಯಲ್ಲಿ ಮುಂದೆ ನಡೆಯುವ ಗಂಡಸರ ಬೆನ್ನು ನೋಡತೊಡಗಿದೆ. ಬೋಳಾಗಿರಬಹುದು, ದಪ್ಪಗಾಗಿರಬಹುದು, ಇನ್ನೊಂದು ಮಗುವಿನ ಕೈ ಹಿಡಿದಿರಬಹುದು. ಒಮ್ಮೆ ಒಬ್ಬರ ಹಿಂದೆ ಮೂರು ಬೀದಿ ಹೋದೆ. ಅವರು ತಿರುಗಿ, "ಏನಮ್ಮಾ ಬೇಕಿತ್ತು?" ಎಂದರು. ಸಂಬಂಧವೇ ಇಲ್ಲದ ಮುಖ. ಗಂಟೆ ಎಷ್ಟೆಂದು ಕೇಳಿ ಬಂದೆ. ಮನೆಯಲ್ಲಿ ಇವರ ಫೋಟೋ ಕಡೆ ನೋಡುವುದು ಬಿಟ್ಟೆ. ಬೆಳಿಗ್ಗೆ ಮೂವತ್ತೊಂದರಲ್ಲಿ ಕೈ ಇಳಿಸುವುದೂ ನಿಂತಿತು. ಅವು ಗಾಜಿನ ಹತ್ತಿರ ಬಂದು ಕಾಯುತ್ತಿದ್ದವು. ಏಳನೇ ತೊಟ್ಟಿಯ ಮರಿಗಳು, ಗುಹೆಯನ್ನೇ ಕಾಣದವು. ಇಷ್ಟು ವರ್ಷ ಯಾರ ಕಿವಿಯಲ್ಲಿ ನನ್ನ ಸಂಸಾರ ತೋಡಿಕೊಂಡೆ?

ಹನ್ನೆರಡನೇ ದಿನ ರಜೆ ಹಾಕಿ ಡ್ರೈವರಣ್ಣನನ್ನು ಹುಡುಕಿಕೊಂಡು ಹೋದೆ.

ನಿವೃತ್ತಿಯಾದ ಮೇಲೆ ಅವರು ಆಸ್ಪತ್ರೆಯೊಂದರ ಎದುರಿನ ಪಾರ್ಕಿಂಗ್ ಜಾಗದಲ್ಲಿ ಚೀಟಿ ಹರಿಯುವ ಕೆಲಸ ಹಿಡಿದಿದ್ದರು. ತಗಡಿನ ಗೂಡಂಗಡಿಯಷ್ಟು ಜಾಗ, ಒಂದು ಕುರ್ಚಿ, ಒಂದು ಫ್ಯಾನು. ನನ್ನನ್ನು ನೋಡಿದ ಕೂಡಲೇ ಎದ್ದು ನಿಂತರು.

"ಬಾಮ್ಮಾ ತಂಗಿ. ಗುಬ್ಬಿ ಹೇಗಿದ್ದಾಳೆ?"

"ಅಣ್ಣ, ಆ ಮೀನು ಎಲ್ಲಿಂದ ಬಂದಿದ್ದು?"

ಅವರು ಕೂತರು. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. "ಇಷ್ಟು ವರ್ಷ ಆದ್ಮೇಲೆ ಯಾರು ಹೇಳಿದ್ರು?"

"ಮೀನೇ ಹೇಳಿತು."

ಅಷ್ಟರಲ್ಲಿ ಒಂದು ಬಿಳಿ ಕಾರು ಹಿಂದಕ್ಕೆ ಬರುತ್ತಿತ್ತು. ಡ್ರೈವರಣ್ಣ ಕಿಟಕಿಯಿಂದ ಕೈ ಆಡಿಸಿದರು. "ಬರಲಿ, ಬರಲಿ, ಎಡಕ್ಕೆ... ಸಾಕು." ಆಮೇಲೆ ನನ್ನ ಕಡೆ ತಿರುಗದೆಯೇ ಹೇಳತೊಡಗಿದರು.

"ಅದಕ್ಕೆ ನಾಲ್ಕು ತಿಂಗಳ ಮುಂಚೆ ಕಿರುಬಾಯಿ ಗಂಟಲಲ್ಲಿ ಸಿಕ್ಕಿಹಾಕ್ಕೊಂಡಿದ್ರು ನಿಮ್ಮನೆಯವರು. ಕೆಸರು ಎದ್ದು ಹಗ್ಗ ಕೈತಪ್ಪಿತ್ತು. ಹನ್ನೊಂದು ನಿಮಿಷ. ನಾನು ಗಡಿಯಾರ ನೋಡ್ತಾ ಇದ್ದೆ. ಹೊರಗೆ ಬಂದು ನಕ್ಕರು. 'ಮನೇಲಿ ಹೇಳಬೇಡ' ಅಂದ್ರು. ಆಮೇಲೆ ಕೈ ನಡುಗೋಕೆ ಶುರುವಾಯ್ತು ನೋಡು. ಲೋಟ ಹಿಡಿದ್ರೆ ಟೀ ಚೆಲ್ಲೋದು. ನಿನಗೆ ಗೊತ್ತಾಗಲಿಲ್ವಾ?"

ಗೊತ್ತಾಗಿತ್ತು. ಟೀ ಕಡಿಮೆ ಮಾಡಿ ಎಂದಿದ್ದೆ.

"ಎರಡು ಸಲ ಹೋದ್ವಿ. ಎರಡು ಸಲಾನೂ ನೀರಿಗೆ ಮಂಡಿವರೆಗೆ ಇಳಿದು ವಾಪಸ್ ಬಂದ್ರು. ಮೇಡಂ ಹತ್ರ, ಮೀನು ಸಿಗಲಿಲ್ಲ ಅಂದ್ರು. ಮೂರನೇ ಸಲ ಜೀಪು ಹತ್ತುವಾಗಲೇ ಚೀಲ ತುಂಬಿತ್ತು. 'ಏಳನೇ ತೊಟ್ಟೀದು. ಕುರುಡು ಮೀನು ಕುರುಡು ಮೀನೇ ಅಣ್ಣ, ಯಾರಿಗೆ ಗೊತ್ತಾಗುತ್ತೆ?' ಅಂದ್ರು. ನಾನು, 'ನನ್ನ ಬಾಯಿ ಬೀಗ' ಅಂದೆ... ಅಯ್ಯೋ, ಅಲ್ಲಿ ನಿಲ್ಲಿಸಬೇಡಿ ಸಾರ್, ಆಂಬುಲೆನ್ಸ್ ದಾರಿ!"

ಅವರು ಹೊರಗೆ ಹೋಗಿ ಆ ಗಾಡಿ ಸರಿಸಿ ಬರುವವರೆಗೆ ನಾನು ಫ್ಯಾನಿನ ಮುಂದೆ ನಿಂತಿದ್ದೆ.

"ಗುಹೆ ಬಾಯಲ್ಲಿ ಎರಡು ಗಂಟೆ ಕೂತ್ವಿ," ಎಂದರು ಮರಳಿ ಬಂದು. "ಸುಮ್ನೆ ಹೊತ್ತು ಕಳೀಬೇಕಿತ್ತಲ್ಲ. ಚೀಟಿ ಬರೆದು ಅಂಟಿಸಿದ್ರು. ಹೊರಟ್ವಿ. ಕಾಲು ಗಂಟೆ ದಾರಿ ಬಂದಿದ್ವಿ ತಂಗಿ. ಮನೆ ಕಡೆ ಬಂದಿದ್ವಿ. ಒಂದು ತಿರುವಿನಲ್ಲಿ 'ನಿಲ್ಸು' ಅಂದ್ರು. 'ತಿರುಗಿಸು' ಅಂದ್ರು."

"ಯಾಕೆ?"

ಡ್ರೈವರಣ್ಣ ಟೋಪಿಯ ಅಂಚು ಸುತ್ತಿಸುತ್ತಿದ್ದರು. "ಬೇಡ ಬಿಡು."

"ಹೇಳಿ ಅಣ್ಣ."

"'ಮೇಡಂಗೆ ಸುಳ್ಳು ಹೇಳಬಹುದು, ಹೆಂಡತಿಗೂ ಹೇಳಬಹುದು. ಸಂಜೆ ಗುಬ್ಬಿ ತೊಡೆ ಮೇಲೆ ಕೂತು, ಅಪ್ಪಾ ಒಳಗೆ ಏನಿತ್ತು ಅಂತ ಕೇಳಿದ್ರೆ ಏನಂತ ಹೇಳ್ಲಿ?' ಅಂದ್ರು. 'ಒಂದೇ ಸಲ ಹೋಗಿ ನೋಡ್ಕೊಂಡು ಬಂದುಬಿಡ್ತೀನಿ. ಹಿಡಿಯೋದೇನೂ ಬೇಡ.' ನಾನು ತಿರುಗಿಸಬಾರದಿತ್ತು. ಪೆಟ್ರೋಲ್ ಇಲ್ಲ ಅನ್ನಬಹುದಿತ್ತು. ಏನಾದ್ರೂ ಅನ್ನಬಹುದಿತ್ತು."

ನಿಜ, ಅವಳು ಕೇಳುತ್ತಿದ್ದಳು. ಪ್ರತಿ ಸಲ ಕೇಳುತ್ತಿದ್ದಳು. ಇವರು ಹೇಳುತ್ತಿದ್ದರು: ಆನೆಯ ಕಿವಿಯಂಥ ಕಲ್ಲು, ಬಾಯಿಗಿಟ್ಟರೆ ಕಬ್ಬಿಣದ ರುಚಿಯ ನೀರು, ದೀಪ ಆರಿಸಿದರೆ ಕೈಯೇ ಇಲ್ಲವಾಗುವ ಕತ್ತಲು. ಅವಳು ಬಾಯಿ ತೆರೆದುಕೊಂಡು ಕೇಳುತ್ತಿದ್ದಳು.

"ವಿಚಾರಣೇಲಿ ಯಾಕೆ ಮುಚ್ಚಿಟ್ರಿ?"

"ಸತ್ತವನನ್ನ ಕಳ್ಳ ಅನ್ನಿಸೋದಾ? ನಿನಗೆ ಕೆಲಸ ಸಿಗ್ತಿತ್ತಾ?" ಅವರ ಧ್ವನಿ ಏರಿತು. ಮತ್ತೆ ಇಳಿಯಿತು. "ಹಗ್ಗ ಬಿಗಿಯಾಗಿದ್ದು ನಿಜ ತಂಗಿ. ನಾನು ಎಳೆದೆ. ಬಿಡಲಿಲ್ಲ ನಾನು. ಅದು ಮಾತ್ರ ನಂಬು."

ನಂಬಿದೆ. ಅವರ ಎರಡೂ ಅಂಗೈಗಳಲ್ಲಿ ಅಡ್ಡಕ್ಕೆ ಒಂದೊಂದು ಬಿಳಿ ಗೆರೆ ಇತ್ತು. ಹಗ್ಗ ಕೊಯ್ದ ಗುರುತು.

ಮಾರನೆಯ ದಿನ ಮೇಡಂಗೆ ಎಲ್ಲ ಹೇಳಿದೆ, ಗುಬ್ಬಿಯ ವಿಷಯ ಒಂದು ಬಿಟ್ಟು. ಅವರು ಕನ್ನಡಕ ತೆಗೆದರು, ಒರೆಸಲಿಲ್ಲ, ಹಿಡಿದುಕೊಂಡೇ ಕೂತರು.

"ಎರಡು ಸಲ ಬರಿಗೈಲಿ ಬಂದಾಗ ನಾನೇ ಅಂದಿದ್ದೆ," ಎಂದರು. "ಇನ್ನೊಂದು ಸಲ ಹೀಗಾದ್ರೆ ಬೇರೆ ಯಾರನ್ನಾದ್ರೂ ನೋಡ್ಕೋಬೇಕಾಗುತ್ತೆ ಅಂತ. ತಮಾಷೆಗೆ ಅಂದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳ್ಕೊಂಡಿದ್ದೆ. ತಮಾಷೆಯಾಗಿರಲಿಲ್ಲ."

ಸಿಟ್ಟು ಬರಬೇಕಿತ್ತು. ನಾನೂ ಟೀ ಕಡಿಮೆ ಮಾಡಿ ಎಂದಿದ್ದವಳೇ.

"ಆ ಎರಡು ಲೇಖನ ವಾಪಸ್ ತಗೋಬೇಕು," ಎಂದರು ಮೇಡಂ. "ಕಾರಣ ಬರೀಬೇಕಾಗುತ್ತೆ. ಅವರ ಹೆಸರು ಬರುತ್ತೆ."

"ಬರೀರಿ. ಆದ್ರೆ ಹೆದರಿದ್ರು ಅಂತಾನೂ ಬರೀರಿ. ಬರೀ ಕದ್ದರು ಅಂತ ಬರೀಬೇಡಿ."

ವಿಜ್ಞಾನದ ಪತ್ರಿಕೆಯಲ್ಲಿ ಹಾಗೆಲ್ಲ ಬರೆಯಲು ಬರುವುದಿಲ್ಲವಂತೆ. ನಾಲ್ಕು ಸಾಲು ಬಂದವು, ಅದರಲ್ಲಿ ಹೆದರಿಕೆಗೆ ಜಾಗವಿರಲಿಲ್ಲ. ಮೇಡಂ ನಿವೃತ್ತರಾದರು. ಕಿರುಬಾಯಿಯ ಜಾಲರಿ ಯಾರೂ ತೆಗೆದಿಲ್ಲ. ಅಲ್ಲಿ ನಿಜವಾಗಿ ಎಂಥ ಮೀನಿದೆ, ಅದರಲ್ಲಿ ಕೆಟ್ಟಿರುವುದು ಬಲ್ಬೋ ತಂತಿಯೋ, ಈ ಹೊತ್ತಿಗೂ ಯಾರಿಗೂ ಗೊತ್ತಿಲ್ಲ. ನೋಡಿದವರು ಒಬ್ಬರಿದ್ದರೆ ಅವರು ಒಳಗೇ ಇದ್ದಾರೆ.

ಉಳಿದದ್ದು ಗುಬ್ಬಿ.

ಅವಳಿಗೀಗ ಹದಿನೈದು. ಹನ್ನೊಂದು ವರ್ಷ ನಾನು ಅವಳಿಗೆ ಉಣಿಸಿದ್ದು ಒಂದೇ ಕತೆ: ನಿಮ್ಮಪ್ಪನಿಗೆ ಭಯವೆಂದರೆ ಗೊತ್ತಿರಲಿಲ್ಲ. ಶಾಲೆಯ ಈಜಿನ ತಂಡಕ್ಕೆ ಅವಳು ಸೇರಿದಾಗ ಎಲ್ಲರೂ, "ಅಪ್ಪನ ಮಗಳು," ಎಂದರು. ಈಜಿ ಬಂದ ದಿನವೆಲ್ಲ ಬಚ್ಚಲಿನಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಕೊಳದ ಔಷಧಿ ವಾಸನೆ ಆಗಿಬರಲ್ಲ ಎನ್ನುತ್ತಿದ್ದಳು. ನಾನು ನಿಂಬೆಹಣ್ಣಿನ ಪಾನಕ ಮಾಡಿ ಕೊಡುತ್ತಿದ್ದೆ.

ಒಂದು ಭಾನುವಾರ ಬಟ್ಟೆ ಮಡಿಸುತ್ತ ಹೇಳಿದೆ. ಚೀಲ, ಏಳನೇ ತೊಟ್ಟಿ, ಹನ್ನೊಂದು ನಿಮಿಷ, ನಡುಗುವ ಕೈ, ಗುಹೆಯ ಬಾಯಲ್ಲಿ ಕೂತ ಎರಡು ಗಂಟೆ, ದಾರಿಯಲ್ಲಿ ಜೀಪು ತಿರುಗಿದ್ದು. ಯಾಕೆ ತಿರುಗಿತೆಂಬುದನ್ನು ಮಾತ್ರ ಹೇಳಲಿಲ್ಲ. ಅವಳು ಒಂದೇ ಕಾಲುಚೀಲವನ್ನು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ಮಾಡಿದಳು.

"ಅಪ್ಪಂಗೆ ಭಯ ಆಗ್ತಿತ್ತಾ?"

"ಹೂಂ."

"ತುಂಬಾನಾ?"

"ಲೋಟ ಹಿಡಿಯೋಕೆ ಆಗದಷ್ಟು."

ಅವಳು ಅತ್ತಳು. ದುಃಖಕ್ಕೆ ಎಂದುಕೊಂಡೆ. ಬೆನ್ನು ಸವರಲು ಹೋದರೆ ಕೈ ಹಿಡಿದುಕೊಂಡಳು.

"ಅಮ್ಮ, ನಂಗೂ ಆಗುತ್ತೆ. ಮುಖ ನೀರೊಳಗೆ ಹೋದ ತಕ್ಷಣ. ಮೊದಲಿಂದಾನೂ."

"ಮತ್ತೆ ಯಾಕೆ ಹೋಗ್ತಿದ್ದೆ?"

ಅವಳು ನನ್ನ ಮುಖ ನೋಡಿದಳು, ಅಷ್ಟೆ. ಮಾರನೆಯ ದಿನ ನಾನೇ ಶಾಲೆಗೆ ಹೋಗಿ ತಂಡದಿಂದ ಅವಳ ಹೆಸರು ತೆಗೆಸಿದೆ.

ಅವಳು ಆಮೇಲೆ ಕೇಳಿದ್ದು ಒಂದೇ. ಗುಹೆ ನೋಡುವುದು ಬೇಡ, ಜೀಪು ತಿರುಗಿದ ಜಾಗ ನೋಡಬೇಕು ಎಂದಳು. ಡ್ರೈವರಣ್ಣ ಅಳಿಯನ ಕಾರು ತಂದರು. ಒಂದೂವರೆ ಗಂಟೆಯ ದಾರಿ.

"ಇಲ್ಲೇ," ಎಂದರು ಡ್ರೈವರಣ್ಣ.

ಅಲ್ಲಿ ಏನೂ ಇರಲಿಲ್ಲ. ಒಂದು ತಿರುವು, ಬಣ್ಣ ಹೋದ ಕಿಲೋಮೀಟರ್ ಕಲ್ಲು, ಎದುರಿಗೆ ಟೈರು ರಿಪೇರಿ ಅಂಗಡಿ. ನಾನು ಇಷ್ಟು ವರ್ಷ ಕತ್ತಲಲ್ಲಿ, ನೀರಿನಡಿಯಲ್ಲಿ ಇವರನ್ನು ಹುಡುಕಿದ್ದೆ. ಇವರು ಇದ್ದದ್ದು ಇಲ್ಲಿ, ಹಾಡುಹಗಲಲ್ಲಿ, ಮನೆ ಕಡೆ ಮುಖ ಮಾಡಿಕೊಂಡು, ಜೀವದಿಂದ. ರಸ್ತೆಯ ಜಲ್ಲಿಯನ್ನು ಮುಟ್ಟಿ ನೋಡಬೇಕೆನಿಸಿತು. ಮಗಳೆದುರು ಮುಟ್ಟಲಿಲ್ಲ.

"ಇಲ್ಲಿಂದ ಗುಹೆಗೆ ಎಷ್ಟು ಹೊತ್ತು ಮಾಮ?" ಎಂದಳು ಗುಬ್ಬಿ.

"ಕಾಲು ಗಂಟೆ."

"ಅಷ್ಟು ಹೆದರಿದ್ದವರು ಮತ್ತೆ ಯಾಕೆ ತಿರುಗಿಸಿ ಅಂದ್ರು?"

ನಾನು ಡ್ರೈವರಣ್ಣನ ಮುಖ ನೋಡಿದೆ. ಅವರ ಸುಳ್ಳಿನಿಂದಲೇ ನನ್ನ ಹನ್ನೊಂದು ವರ್ಷ ಹೀಗಾಯಿತು ಎಂದು ಒಳಗೊಳಗೇ ಶಪಿಸಿದ್ದವಳು, ಈಗ ನಿಜ ಹೇಳಬೇಡಿ ಎಂದು ಕಣ್ಣಲ್ಲೇ ಬೇಡಿಕೊಂಡೆ.

"ಏನೋ ಬಿಟ್ಟು ಬಂದೆ ಅಂದ್ರು ಮಗಳೇ," ಎಂದರು ಅವರು. "ಟಾರ್ಚೋ ಏನೋ. ಎಂಜಿನ್ ಸದ್ದಿಗೆ ನನಗೆ ಸರಿಯಾಗಿ ಕೇಳಿಸಲಿಲ್ಲ."

ಅವಳು ನಂಬಿದಳೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಟೈರು ಅಂಗಡಿಯವನು ಕೈ ಒರೆಸಿಕೊಳ್ಳುತ್ತ ಬಂದ. "ಪಂಚರ್ರಾ?"

"ಅಲ್ಲಪ್ಪ, ಸುಮ್ನೆ ನಿಂತಿದ್ದೀವಿ."

"ನಿಲ್ಲಿ. ಆದ್ರೆ ಗಾಡಿ ಸ್ವಲ್ಪ ಮುಂದೆ ತಗೊಳ್ಳಿ. ಈ ತಿರುವಿನಲ್ಲಿ ಹಿಂದಿನಿಂದ ಬರೋರಿಗೆ ಏನೂ ಕಾಣಲ್ಲ."

ಡ್ರೈವರಣ್ಣ ಗಾಡಿ ಮುಂದೆ ತೆಗೆದರು. ಗುಬ್ಬಿ ನಡೆದು ಹೋಗಿ ಹತ್ತಿದಳು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ರಸ್ತೆ ಎರಡೂ ಕಡೆಗೆ ಖಾಲಿ ಇತ್ತು.